ಲೇಬರ್ ರೂಮಿನಲ್ಲಿ ಕ್ಯಾಮೆರಾ ಯಾಕೆ, ಡಾಕ್ಟ್ರಮ್ಮ?

ಹುಟ್ಟಿದ ಕೂಡಲೇ ಅಳದ ಮಗುವಿನ ಬಗ್ಗೆ ಹೋದ ಸಂಚಿಕೆಯಲ್ಲಿ ಅರ್ಧ ಪುಟ ಬರೆದಿದ್ದೆ. ಅದಕ್ಕೆ ಬಂದ ಪತ್ರ, ವಾಟ್ಸ್ಯಾಪ್ ಎಲ್ಲವನ್ನೂ ಸಂಪಾದಕರು ಕಟ್ಟು ಕಟ್ಟಿ ಕಳಿಸಿದ್ದಾರೆ. ಕೆಲವಕ್ಕೆ ಮಾತ್ರ ಉತ್ತರಿಸಿದ್ದೇನೆ. ಹೆಸರು ಬೇಡ ಎಂದವರೇ ಹೆಚ್ಚು, ಹಾಗಾಗಿ ಯಾರ ಹೆಸರೂ ಇಲ್ಲ, ಊರು ಮಾತ್ರ.

ಪ್ರಶ್ನೆ: ನನಗೀಗ 74. ಹೆತ್ತದ್ದು ಐದು, ಐದೂ ಮನೆಯಲ್ಲೇ. ಮೂರನೆಯವನು ಹುಟ್ಟಿದಾಗ ಅಳಲಿಲ್ಲ. ಸೂಲಗಿತ್ತಿ ಕಾಲು ಹಿಡಿದು ತಲೆಕೆಳಗೆ ಮಾಡಿ ಬೆನ್ನಿಗೆ ಬಾರಿಸಿದಳು, ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದಳು, ಕಂಚಿನ ತಟ್ಟೆ ಬಡಿದರು. ಆಮೇಲೆ ಅತ್ತ. ಮೊನ್ನೆ ಅವನ ಮಗಳ ಹೆರಿಗೆಯಾಯಿತು. ಆ ಮಗುವೂ ಅಳಲಿಲ್ಲವಂತೆ. ಡಾಕ್ಟರು ಒಂದು ಏಟೂ ಹಾಕಲಿಲ್ಲ, ಹೊಕ್ಕುಳಬಳ್ಳಿಯನ್ನೂ ಕೂಡಲೇ ಕತ್ತರಿಸಲಿಲ್ಲ, ಬಟ್ಟೆಯಲ್ಲಿ ಒರೆಸಿದರು ಅಷ್ಟೆ. ಇದು ಅಸಡ್ಡೆಯಲ್ಲವೆ?
— ಶಿರಸಿ ತಾಲ್ಲೂಕಿನ ಅಜ್ಜಿ

ಉತ್ತರ: ಅಸಡ್ಡೆಯಲ್ಲ ಅಜ್ಜಿ, ಆ ಡಾಕ್ಟರು ಸರಿಯಾಗಿಯೇ ಮಾಡಿದ್ದಾರೆ. ನಿಮ್ಮ ಸೂಲಗಿತ್ತಿಯನ್ನೂ ನಾನು ಬಯ್ಯುವವಳಲ್ಲ. ಈರುಳ್ಳಿ ಮತ್ತು ತಟ್ಟೆ ಬಿಟ್ಟರೆ ಅವಳು ಮಾಡಿದ್ದನ್ನೇ ನಾವು ಆಸ್ಪತ್ರೆಯಲ್ಲಿ ಬಿಳಿ ಕೋಟು ಹಾಕಿಕೊಂಡು ಮಾಡುತ್ತಿದ್ದೆವು. ನಾನು ಹೌಸ್‌ಸರ್ಜನ್ ಆಗಿದ್ದಾಗ ಮಗುವನ್ನು ತಲೆಕೆಳಗೆ ಹಿಡಿದು ಅಂಗಾಲಿಗೆ ಬಾರಿಸಿದವಳೇ.

ನೂರು ಮಕ್ಕಳಲ್ಲಿ ಸುಮಾರು 85 ಮಕ್ಕಳು ಹುಟ್ಟಿ ಅರ್ಧ ನಿಮಿಷದೊಳಗೆ ತಾವಾಗಿಯೇ ಉಸಿರಾಡುತ್ತವೆ. ಇನ್ನೊಂದು ಹತ್ತು ಮಕ್ಕಳಿಗೆ ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಬೆನ್ನು ಸವರಿದರೆ ಸಾಕು. ಉಳಿದ ಐದಕ್ಕೆ ಮಾಸ್ಕ್ ಇಟ್ಟು, ರಬ್ಬರ್ ಚೀಲ ಒತ್ತಿ ಉಸಿರು ಕೊಡಬೇಕಾಗುತ್ತದೆ. ಎದೆ ಒತ್ತುವುದು, ಔಷಧಿ ಕೊಡುವುದು ಸಾವಿರಕ್ಕೆ ಒಂದೆರಡು. ನಿಮ್ಮ ಮಗ ಆ ಹತ್ತರಲ್ಲಿ ಒಬ್ಬನಿರಬೇಕು. ಹೇಗೂ ಅಳುತ್ತಿದ್ದ, ಹೆಸರು ಈರುಳ್ಳಿಗೆ ಹೋಯಿತು. ತಲೆಕೆಳಗೆ ಹಿಡಿದು ಬಾರಿಸಿದರೆ ಎಳೆ ಮಿದುಳಿನಲ್ಲಿ ರಕ್ತ ಒಸರುವ ಭಯ ಇದೆ, ಅದರಲ್ಲೂ ತಿಂಗಳು ತುಂಬದ ಮಕ್ಕಳಿಗೆ. ಅದಕ್ಕೇ ಬಿಟ್ಟೆವು.

ಇನ್ನು ಬಳ್ಳಿ. ಮಗು ಹೊರಗೆ ಬಂದ ಮೇಲೂ ಕಸದಿಂದ (ಪ್ಲಾಸೆಂಟಾ) ಅದಕ್ಕೆ ರಕ್ತ ಹರಿಯುತ್ತಲೇ ಇರುತ್ತದೆ, ಮೊದಲ ನಿಮಿಷದಲ್ಲೇ ಸುಮಾರು 80 ಮಿ.ಲೀ. ಮೂರು ಕೆ.ಜಿ. ಮಗುವಿಗೆ ಅದೇನು ಕಡಿಮೆಯಲ್ಲ, ಮುಂದೆ ಎಷ್ಟೋ ತಿಂಗಳಿಗಾಗುವಷ್ಟು ಕಬ್ಬಿಣಾಂಶ ಅದರಲ್ಲಿದೆ. ಒಂದು ನಿಮಿಷಕ್ಕೆ ಮೊದಲು ಕತ್ತರಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಒರೆಸಿ ಸವರಿದರೂ ಉಸಿರಾಡದ ಮಗುವಿನ ಮಾತು ಬೇರೆ. ಆಗ ಬಳ್ಳಿ ಕತ್ತರಿಸಿ ವಾರ್ಮರ್ (ಮಗುವನ್ನು ಬೆಚ್ಚಗಿಡುವ ಮಂಚ) ಮೇಲೆ ಮಲಗಿಸಿ ಉಸಿರು ಕೊಡುತ್ತೇವೆ.

ಒಂದು ಮಾತು ಸೇರಿಸಲೇ? ಮೂವತ್ತು ವರ್ಷದಲ್ಲಿ ಹೊಸದಾಗಿ ಏನು ಕಲಿತಿರಿ ಎಂದು ಕೇಳುತ್ತಾರೆ. ಕಲಿತಿದ್ದಕ್ಕಿಂತ ಬಿಟ್ಟಿದ್ದೇ ಹೆಚ್ಚು. ಮಗು ಹೊಟ್ಟೆಯಲ್ಲೇ ಕಕ್ಕ ಮಾಡಿಕೊಂಡಿದ್ದರೆ ತಲೆ ಹೊರಬಂದ ಕೂಡಲೇ ಮೂಗು ಬಾಯಿಗೆ ಪೈಪು ಹಾಕಿ ಎಳೆಯುತ್ತಿದ್ದೆವು. ಅದರಿಂದ ಲಾಭವಿಲ್ಲ ಎಂದು 2004ರಲ್ಲಿ ಅರ್ಜೆಂಟೀನಾದ ವೈದ್ಯರು ತೋರಿಸಿದರು. ಆಮೇಲೂ ಜೀವವಿಲ್ಲದಂತೆ ಬಿದ್ದ ಮಗುವಿನ ಶ್ವಾಸನಾಳಕ್ಕೆ ನಳಿಗೆ ಇಳಿಸಿ ಎಳೆಯುವುದನ್ನು ಬಿಟ್ಟಿರಲಿಲ್ಲ. 2015ರಲ್ಲಿ ನಮ್ಮ ಪಕ್ಕದ ಪುದುಚೇರಿಯ ಜಿಪ್‌ಮರ್ ವೈದ್ಯರು ಅದನ್ನೂ ಪರೀಕ್ಷೆಗೊಡ್ಡಿದರು. ಅದರಿಂದಲೂ ಉಪಯೋಗ ಕಾಣಲಿಲ್ಲ. ಎಳೆಯುವ ಹೊತ್ತಿನಲ್ಲಿ ಎರಡು ಉಸಿರು ಕೊಟ್ಟರೆ ಅದೇ ಮೇಲು.

ಪ್ರಶ್ನೆ: ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಹೆರಿಗೆ ಕೋಣೆಯ ವಾರ್ಮರ್ ಮೇಲೆ ಕ್ಯಾಮೆರಾ ಹಾಕುತ್ತಾರಂತೆ, ಮಗುವಿಗೆ ಉಸಿರು ಕೊಡುವುದನ್ನು ರೆಕಾರ್ಡ್ ಮಾಡಲು. "ತರಬೇತಿಗೆ" ಎನ್ನುತ್ತಾರೆ. ನಮಗೆ ಅನುಮಾನ. ನಾಳೆ ಏನಾದರೂ ಆದರೆ ವಿಡಿಯೊ ಹಿಡಿದು ನಮ್ಮ ಕುತ್ತಿಗೆಗೇ ತರುವುದಿಲ್ಲವೆ?
— ಗದಗ ಜಿಲ್ಲೆ

ಉತ್ತರ: ಸಿಸ್ಟರ್, ನಿಮ್ಮ ಅನುಮಾನ ಸುಳ್ಳಲ್ಲ. ಅದಕ್ಕೆ ಬರುತ್ತೇನೆ. ಮೊದಲು ನನ್ನದೇ ಕತೆ ಕೇಳಿ.

ಸುಮಾರು ಹದಿನೈದು ವರ್ಷದ ಹಿಂದೆ ನಾನು ಹೋಗಿಬರುತ್ತಿದ್ದ ಖಾಸಗಿ ಆಸ್ಪತ್ರೆಯೊಂದರಲ್ಲಿ ವಾರ್ಮರ್‌ನ ಕಂಬಕ್ಕೆ ಪುಟ್ಟ ಕ್ಯಾಮೆರಾ ಕಟ್ಟಿದ್ದರು. ತಾಯಿ ಕಾಣುವುದಿಲ್ಲ, ನಮ್ಮ ಮುಖವೂ ಕಾಣುವುದಿಲ್ಲ, ಮಗು ಮತ್ತು ಕೈಗಳು ಮಾತ್ರ. ಒಂದು ರಾತ್ರಿ ಸಿಸೇರಿಯನ್. ತುಂಬು ತಿಂಗಳ ಮಗು, ಕುತ್ತಿಗೆಗೆ ಬಳ್ಳಿ ಎರಡು ಸುತ್ತು, ಒದ್ದೆ ಟವೆಲ್‌ನಂತೆ ಜೋತುಬಿದ್ದಿತ್ತು. ಉಸಿರು ಕೊಟ್ಟೆ, ಅತ್ತಿತು, ಎರಡು ದಿನಕ್ಕೆ ತಾಯಿ ಹತ್ತಿರ ಹೋಯಿತು. ಕೇಸ್‌ಶೀಟಿನಲ್ಲಿ "30 ಸೆಕೆಂಡಿಗೆ ಮಾಸ್ಕ್" ಎಂದು ಬರೆದು, ನನ್ನ ಬೆನ್ನು ನಾನೇ ತಟ್ಟಿಕೊಂಡು ಮನೆಗೆ ಹೋದೆ.

ಮುಂದಿನ ವಾರ ಎಲ್ಲ ಕೂತು ಅದನ್ನು ನೋಡಿದೆವು. ವಾರ್ಮರ್‌ನ ಗಡಿಯಾರ ಚಿತ್ರದ ಮೂಲೆಯಲ್ಲಿ ಓಡುತ್ತಿದೆ. ಮೊದಲ ಉಸಿರು ಹೋಗಿದ್ದು 1 ನಿಮಿಷ 40 ಸೆಕೆಂಡಿಗೆ! ನನಗೆ ನಂಬಿಕೆಯೇ ಬರಲಿಲ್ಲ, ರಿವೈಂಡ್ ಮಾಡಿಸಿದೆ. ಅಷ್ಟು ಹೊತ್ತು ಏನು ಮಾಡುತ್ತಿದ್ದೆ? ಬಾಯಿಗೆ ಎರಡು ಸಲ ಸಕ್ಷನ್. ಟವೆಲ್ ಸರಿಮಾಡಿದ್ದು. ಬ್ಯಾಗಿಗೆ ಚಿಕ್ಕ ಮಗುವಿನ ಸೊನ್ನೆ ನಂಬರ್ ಮಾಸ್ಕ್ ಸಿಕ್ಕಿಸಿತ್ತು, ಒಂದನೇ ನಂಬರ್ ಹುಡುಕಿದ್ದು. ಸ್ಟೆತಸ್ಕೋಪ್ ಇಟ್ಟು ಎರಡು ಸಲ ಎದೆಬಡಿತ ಕೇಳಿದ್ದು. ಒಂದೊಂದೂ ಬೇಕಾದ ಕೆಲಸವೇ ಎಂದು ನನ್ನ ಕೈಗೆ ಅನಿಸಿದೆ, ಸಮಯ ಮಾತ್ರ ಸೋರಿಹೋಗಿದೆ. ಮೊದಲ ಅರವತ್ತು ಸೆಕೆಂಡಿನೊಳಗೆ ಉಸಿರು ಕೊಡಲು ಶುರು ಮಾಡಬೇಕು ಎಂದು ಊರಿಗೆಲ್ಲ ಪಾಠ ಹೇಳುತ್ತಿದ್ದವಳು ನಾನೇ.

ಅದಾದರೂ ಹೋಗಲಿ. ಮಾಸ್ಕ್ ಇಟ್ಟ ಮೇಲೆ "ಬ್ರೀದ್, ಟೂ, ತ್ರೀ" ಎಂದು ಎಣಿಸುತ್ತ ಬ್ಯಾಗ್ ಒತ್ತುತ್ತಿದ್ದೇನೆ, ಎದೆ ಏಳುತ್ತಿಲ್ಲ. ನನ್ನ ಉಂಗುರದ ಬೆರಳು ಗದ್ದದ ಎಲುಬಿನ ಮೇಲಿರದೆ ಕೆಳಗಿನ ಮೆತ್ತನೆ ಭಾಗವನ್ನು ಒತ್ತಿಹಿಡಿದಿದೆ. ಮಾಸ್ಕಿನ ಒಂದು ಅಂಚು ಕೆನ್ನೆಯಿಂದ ಎದ್ದಿದೆ. ಗಾಳಿಯೆಲ್ಲ ಹೊರಗೆ. ಎದುರುಗಡೆ ನಿಂತ ಸಿಸ್ಟರ್‌ದು ಇನ್ನೊಂದು ಕೈ ಕಾಣುತ್ತದೆ. ಆ ಕೈ ಮಾಸ್ಕಿನ ಕಡೆ ಬಂತು, ನಿಂತಿತು, ಹಿಂದೆ ಹೋಯಿತು. ಮತ್ತೆ ಬಂತು, ಮತ್ತೆ ಹಿಂದೆ ಹೋಯಿತು. ಆಕೆಗೆ ಆಗಲೇ ಗೊತ್ತಾಗಿತ್ತು. "ಮೇಡಂ ಇದ್ದಾರಲ್ಲ" ಎಂದು ಸುಮ್ಮನಾಗಿದ್ದಳು. ಆಮೇಲೆ ತಲೆಯನ್ನು ಸ್ವಲ್ಪ ಹಿಂದಕ್ಕೆ ಮಾಡಿ ಮಾಸ್ಕ್ ಮತ್ತೆ ಕೂರಿಸಿದಾಗ ಎದೆ ಎದ್ದಿತು, ಬಡಿತ ಏರಿತು.

ಅಂದಿನಿಂದ ನಾನು ಕೆಲಸ ಮಾಡುವ ಕಡೆಯೆಲ್ಲ "ಎದೆ ಏಳ್ತಿಲ್ಲ ಮೇಡಂ" ಎಂದು ಗಟ್ಟಿಯಾಗಿ ಕೂಗುವುದು ಎದುರು ನಿಂತ ಸಿಸ್ಟರ್ ಕೆಲಸ. ಕೂಗದಿದ್ದರೆ ಬಯ್ಯುತ್ತೇನೆ. ಪ್ರತಿ ಶಿಫ್ಟ್ ಶುರುವಿನಲ್ಲಿ ಎರಡೂ ಮಾಸ್ಕ್ ಟ್ರೇ ಮೇಲೆ ಇರಬೇಕು, ಬ್ಯಾಗನ್ನು ಅಂಗೈಗೆ ಒತ್ತಿ ನೋಡಿರಬೇಕು. ಇಷ್ಟನ್ನು ಕಲಿಸಿದ್ದು ಪುಸ್ತಕ ಅಲ್ಲ, ಆ ನಾಲ್ಕು ನಿಮಿಷದ ವಿಡಿಯೊ.

ನಾನೊಬ್ಬಳೇ ಹೀಗೆ ಎಂದು ಅಂದುಕೊಂಡಿದ್ದೆ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಹೀಗೆ ನೂರು ಮಕ್ಕಳ ರೆಕಾರ್ಡಿಂಗ್ ನೋಡಿ 2000ನೇ ಇಸವಿಯಲ್ಲೇ ವರದಿ ಮಾಡಿದ್ದರು. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಏನಾದರೊಂದು ನಿಯಮ ತಪ್ಪಿತ್ತು. ತರಬೇತಿ ಪಡೆದ, ಅನುಭವವಿದ್ದ ತಂಡಗಳು ಅವು. ನೆದರ್‌ಲ್ಯಾಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ವೈದ್ಯರು, ನರ್ಸ್‌ಗಳು ಒಟ್ಟಿಗೆ ಕೂತು ತಮ್ಮ ವಿಡಿಯೊ ತಾವೇ ನೋಡುವುದು ರೂಢಿಯಾಗಿದೆ. ಅದಕ್ಕೆ ತಮಾಷೆಗೆ "ನಿಯೋಫ್ಲಿಕ್ಸ್" ಎಂದು ಹೆಸರಿಟ್ಟಿದ್ದಾರೆ. ತಪ್ಪು ಹುಡುಕುವುದಕ್ಕಿಂತ, ಚೆನ್ನಾಗಿ ಆದದ್ದು ಹೇಗೆ ಆಯಿತು ಎಂದು ನೋಡುವುದು ಅಲ್ಲಿಯ ಕ್ರಮ. ಕೆಲಸ ಮಾಡುವವರೇ ಶುರುಮಾಡಿದ್ದರಿಂದ ಅದು ನಿಂತಿದೆ. ಮೇಲಿನಿಂದ ಹೇರಿದ್ದರೆ ಕ್ಯಾಮೆರಾ ಮೇಲೆ ಯಾರಾದರೂ ಟವೆಲ್ ಹಾಕುತ್ತಿದ್ದರು.

ಈಗ ನಿಮ್ಮ ಅನುಮಾನಕ್ಕೆ. ಅದೇ ಕ್ಯಾಮೆರಾದ ಚಿತ್ರ ಆಡಳಿತಾಧಿಕಾರಿಯ ಟಿ.ವಿ.ಗೂ ಹೋಗುವುದಾದರೆ ಅದು ತರಬೇತಿಯಲ್ಲ, ಸಿಸಿಟಿವಿ. ಒಪ್ಪಬೇಡಿ. ಯಾರು ನೋಡುತ್ತಾರೆ, ಎಷ್ಟು ದಿನಕ್ಕೆ ಅಳಿಸುತ್ತಾರೆ, ಯಾರ ಮೊಬೈಲಿಗೂ ಹೋಗುವುದಿಲ್ಲವೆ, ಹೆರಿಗೆಗೆ ಮುಂಚೆಯೇ ತಾಯಿಯ ಒಪ್ಪಿಗೆ ಪಡೆಯುತ್ತಾರೆಯೆ, ಶಿಸ್ತು ಕ್ರಮಕ್ಕೆ ಬಳಸುವುದಿಲ್ಲವೆ ಎಂಬುದನ್ನು ಬರಹದಲ್ಲಿ ಕೊಡಿ ಎಂದು ಕೇಳಿ, ನೀವೆಲ್ಲ ಒಟ್ಟಾಗಿ ಕೇಳಿ. ಇನ್ನೊಂದು ಷರತ್ತು ನನ್ನದು: ಮೊದಲ ವಿಡಿಯೊ ನಿಮ್ಮ ಡಾಕ್ಟರದ್ದೇ ಆಗಿರಲಿ.

ಪ್ರಶ್ನೆ: ಹೆಂಡತಿಗೆ ಮುಂದಿನ ತಿಂಗಳು ಹೆರಿಗೆ. ಒಳಗೆ ನಿಂತು ಮೊಬೈಲಿನಲ್ಲಿ ಎಲ್ಲ ರೆಕಾರ್ಡ್ ಮಾಡಬೇಕೆಂದಿದ್ದೇನೆ, ಏನಾದರೂ ಹೆಚ್ಚುಕಡಿಮೆಯಾದರೆ ಸಾಕ್ಷಿ ಇರಲಿ ಎಂದು. ಸರಿಯೆ?
— ತುಮಕೂರು

ಉತ್ತರ: ಒಳಗೆ ನಿಲ್ಲಲು ಬಿಟ್ಟರೆ ನಿಲ್ಲಿ, ಹೆಂಡತಿಯ ಕೈ ಹಿಡಿದುಕೊಳ್ಳಿ. ಆ ಕೈಯಲ್ಲಿ ಮೊಬೈಲ್ ಬೇಡ. ನಿಮಗೆ ಸಾಕ್ಷಿಯೇ ಬೇಕಾದರೆ ಡಿಸ್ಚಾರ್ಜ್ ಹಾಳೆಯಲ್ಲಿ ಮೂರು ವಿಷಯ ಇದೆಯೇ ನೋಡಿಕೊಳ್ಳಿ: ಮಗು ಕೂಡಲೇ ಅತ್ತಿತೆ, ಬ್ಯಾಗ್-ಮಾಸ್ಕ್ ಬೇಕಾಯಿತೆ, ಒಂದನೇ ಮತ್ತು ಐದನೇ ನಿಮಿಷದ ಅಪ್ಗಾರ್ ಅಂಕ ಎಷ್ಟು. ಮಗುವಿನ ಉಸಿರು, ಎದೆಬಡಿತ, ಬಣ್ಣ, ಚುರುಕು ನೋಡಿ ಕೊಡುವ ಈ ಅಂಕವನ್ನು ವರ್ಜೀನಿಯಾ ಅಪ್ಗಾರ್ ಎಂಬ ಅರಿವಳಿಕೆ ವೈದ್ಯೆ 1953ರಲ್ಲಿ ಪ್ರಕಟಿಸಿದ್ದು, ಇವತ್ತಿಗೂ ಎಲ್ಲ ಕಡೆ ಅದೇ ನಡೆಯುತ್ತದೆ. ದಾಖಲೆಯ ಪ್ರತಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮವೇ ಇದೆ.

ಪ್ರಶ್ನೆ: ಮಗಳು 31 ವಾರಕ್ಕೇ ಹುಟ್ಟಿದಳು, 1,380 ಗ್ರಾಂ. ಎಸ್‌ಎನ್‌ಸಿಯುನಲ್ಲಿ (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಆಕ್ಸಿಜನ್ ಇಟ್ಟಿದ್ದರು. 26ನೇ ದಿನ ಯಾರೋ ಟೆಕ್ನೀಷಿಯನ್ ಕ್ಯಾಮೆರಾ ತಂದು, ರೆಪ್ಪೆ ಅಗಲಿಸುವ ತಂತಿ ಹಾಕಿ, ಕಣ್ಣಿಗೇ ಮುಟ್ಟಿಸಿ ಫೋಟೊ ತೆಗೆದರು. ಕೂಸು ಕಿರುಚಿದ್ದು ನೋಡಲಾಗಲಿಲ್ಲ. ಎರಡು ವಾರ ಬಿಟ್ಟು ಮತ್ತೆ ಬರುತ್ತಾರಂತೆ. ಅತ್ತೆ ಬೇಡ ಅನ್ನುತ್ತಾರೆ. ಡಾಕ್ಟರೂ ಅಲ್ಲದವರು ಕಣ್ಣು ಮುಟ್ಟಬಹುದೆ?
— ಕೊಪ್ಪಳ

ಉತ್ತರ: ನೋಡಮ್ಮ, ಈ ಅಂಕಣದಲ್ಲಿ ಒಂದೇ ಒಂದು ಮಾತು ಕೇಳುವುದಾದರೆ ಇದನ್ನು ಕೇಳು: ಆ ದಿನ ತಪ್ಪಿಸಬೇಡ. ಜಾತ್ರೆಯಿರಲಿ, ಮದುವೆಯಿರಲಿ.

ತಿಂಗಳು ತುಂಬದೆ ಹುಟ್ಟಿದ ಮಗುವಿನ ಕಣ್ಣಿನ ಹಿಂಪರದೆಯಲ್ಲಿ ರಕ್ತನಾಳ ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಹೊರಗೆ ಬಂದ ಮೇಲೆ ಅದು ಅಡ್ಡಾದಿಡ್ಡಿ ಬೆಳೆದು ಪರದೆಯನ್ನೇ ಕಿತ್ತು ಹಾಕಬಹುದು. ಇದಕ್ಕೆ ಆರ್‌ಒಪಿ ಎನ್ನುತ್ತಾರೆ. ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣುತ್ತದೆ, ಅದೇ ಇದರ ಮೋಸ. ಹೊತ್ತಿಗೆ ಸರಿಯಾಗಿ ಹಿಡಿದರೆ ಲೇಸರ್‌ನಿಂದ ದೃಷ್ಟಿ ಉಳಿಸಬಹುದು, ಆದರೆ ಹಿಡಿದ ಮೇಲೆ ಕೈಯಲ್ಲಿ ಎರಡು ಮೂರು ದಿನ ಅಷ್ಟೇ ಇರುತ್ತದೆ. ನಮ್ಮ ದೇಶದಲ್ಲಿ ಎರಡು ಕೆ.ಜಿ.ಗಿಂತ ಕಡಿಮೆ ಇದ್ದ ಅಥವಾ 34 ವಾರದೊಳಗೆ ಹುಟ್ಟಿದ ಪ್ರತಿ ಮಗುವಿಗೂ ಒಂದು ತಿಂಗಳೊಳಗೆ ಮೊದಲ ಪರೀಕ್ಷೆ ಆಗಲೇಬೇಕು. ನಿನ್ನ ಮಗಳಿಗೆ 26ನೇ ದಿನ ಆಗಿದೆ, ಒಳ್ಳೆಯದಾಯಿತು.

ಡಾಕ್ಟರಲ್ಲದವರು ಯಾಕೆ ಎಂದೆ. ಇದನ್ನು ನೋಡಬಲ್ಲ ಕಣ್ಣಿನ ವೈದ್ಯರು ಬೆರಳೆಣಿಕೆ, ಅವರೂ ದೊಡ್ಡ ಊರಿನಲ್ಲಿ. ಹಾಗಾಗಿ ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ "ಕಿಡ್‌ರಾಪ್" ಎಂಬ ಕಾರ್ಯಕ್ರಮ ಶುರುಮಾಡಿದರು. ತರಬೇತಾದ ಟೆಕ್ನೀಷಿಯನ್‌ಗಳು ಕ್ಯಾಮೆರಾ ಹೊತ್ತು ಊರೂರಿನ ಆಸ್ಪತ್ರೆಗೆ ಹೋಗಿ ಹಿಂಪರದೆಯ ಚಿತ್ರ ತೆಗೆಯುತ್ತಾರೆ, ದೂರದಲ್ಲಿ ಕೂತ ತಜ್ಞರು ಇಂಟರ್‌ನೆಟ್ಟಿನಲ್ಲಿ ನೋಡಿ ಹೇಳುತ್ತಾರೆ. ಹೊರದೇಶದವರೂ ಬಂದು ನೋಡಿ ಕಲಿತ ಕೆಲಸ, ನಮ್ಮ ರಾಜ್ಯದ್ದು. ನಿಮ್ಮಲ್ಲಿಗೆ ಬಂದವರು ಯಾವ ಸಂಸ್ಥೆಯವರೋ, ಅವರದೂ ಅದೇ ಬಗೆಯ ಕೆಲಸ.

ಕಿರುಚುವುದು ನಿಜ. ಮರಗಟ್ಟುವ ಹನಿ ಹಾಕಿಯೇ ತೆಗೆಯುತ್ತಾರೆ. ಪರೀಕ್ಷೆಗೆ ಸ್ವಲ್ಪ ಮುಂಚೆ ಹೊಟ್ಟೆ ತುಂಬ ಹಾಲು ಕೊಡಬೇಡ, ವಾಂತಿಯಾಗುತ್ತದೆ. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಕೊಡು. ಮುಗಿದ ಕೂಡಲೇ ಎದೆಗೆ ಅಪ್ಪಿಕೋ. ಎದೆಗಪ್ಪಿ ಬೆಚ್ಚಗೆ ಇಟ್ಟುಕೊಳ್ಳುವ ಕಾಂಗರೂ ಆರೈಕೆಯನ್ನು ಇಡೀ ಜಿಲ್ಲೆಗೆ ಹಬ್ಬಿಸುವುದು ಹೇಗೆಂದು ಬೆಂಗಳೂರಿನ ಸೇಂಟ್ ಜಾನ್ಸ್‌ನವರು ಪ್ರಯೋಗ ಮಾಡಿದ್ದು ನಿಮ್ಮ ಕೊಪ್ಪಳದಲ್ಲೇ, ನಿಮ್ಮ ಸಿಸ್ಟರ್‌ಗಳನ್ನು ಕೇಳು.

ಆಕ್ಸಿಜನ್ ಹೆಚ್ಚಾದರೂ ಈ ಕಣ್ಣಿನ ತೊಂದರೆ ಬರುತ್ತದೆ. ಆಕ್ಸಿಜನ್ ಎಷ್ಟು ಕೊಟ್ಟರೂ ಒಳ್ಳೆಯದೇ ಎಂಬ ಕಾಲವೊಂದಿತ್ತು, ನಾವೂ ನೂರಕ್ಕೆ ನೂರು ತೆರೆದಿಡುತ್ತಿದ್ದೆವು. ತಿಂಗಳು ತುಂಬಿದ ಮಗುವಿಗೆ ಉಸಿರು ಕೊಡಲು ಕೋಣೆಯ ಸಾದಾ ಗಾಳಿಯೇ ಸಾಕು ಎಂದು 1993ರಲ್ಲೇ ದೆಹಲಿಯ ಡಾ. ಸಿದ್ಧಾರ್ಥ್ ರಾಮ್‌ಜಿ ಮತ್ತು ಸಂಗಡಿಗರು ತೋರಿಸಿದರು. ಜಗತ್ತಿನ ನಿಯಮ ಬದಲಾಗಲು 2010 ಬರಬೇಕಾಯಿತು.

ಪ್ರಶ್ನೆ: ಹುಟ್ಟಿದಾಗ ಮಗನಿಗೆ ಉಸಿರು ಕಟ್ಟಿತ್ತು, ಫಿಟ್ಸ್ ಬಂತು. ಮೈ ತಂಪು ಮಾಡುವ ಚಿಕಿತ್ಸೆ ಇದೆ ಎಂದು ಆಮೇಲೆ ಯೂಟ್ಯೂಬಿನಲ್ಲಿ ನೋಡಿದೆ. ನಮ್ಮ ಡಾಕ್ಟರು ಮಾಡಲಿಲ್ಲ. ಬೆಂಗಳೂರಿಗೆ ಓಡಿಸಿದ್ದರೆ ಸರಿಯಾಗುತ್ತಿದ್ದನೆ? ಈಗ ಹತ್ತು ತಿಂಗಳು, ಕೂರುವುದಿಲ್ಲ.
— ಬಳ್ಳಾರಿ

ಉತ್ತರ: ನೀವು ಹೇಳುವ ಚಿಕಿತ್ಸೆಯಲ್ಲಿ ಮಗುವಿನ ಮೈಯನ್ನು ಮೂರು ದಿನ 33.5 ಡಿಗ್ರಿಗೆ ಇಳಿಸಿಡುತ್ತಾರೆ, ಆರು ಗಂಟೆಯೊಳಗೆ ಶುರುಮಾಡಬೇಕು. ಶ್ರೀಮಂತ ದೇಶಗಳಲ್ಲಿ ಇದರಿಂದ ಒಳ್ಳೆಯದಾಗಿದೆ. ಅದೇ ಚಿಕಿತ್ಸೆಯನ್ನು ಭಾರತ, ಶ್ರೀಲಂಕಾ, ಬಾಂಗ್ಲಾದೇಶದ 408 ಮಕ್ಕಳಲ್ಲಿ ಪರೀಕ್ಷಿಸಿದರು, ಬೆಂಗಳೂರಿನ ಮಕ್ಕಳೂ ಅದರಲ್ಲಿದ್ದರು. 2021ರಲ್ಲಿ ಫಲಿತಾಂಶ ಬಂತು. ತಂಪು ಮಾಡಿದ ಗುಂಪಿನಲ್ಲಿ ನೂರಕ್ಕೆ 42 ಮಕ್ಕಳು ತೀರಿಕೊಂಡಿದ್ದರು, ಮಾಡದ ಗುಂಪಿನಲ್ಲಿ 31. ನಮ್ಮಲ್ಲಿ ಮಿದುಳಿಗೆ ಪೆಟ್ಟು ಹೆರಿಗೆಗೆ ಎಷ್ಟೋ ಹೊತ್ತು ಮುಂಚೆಯೇ ಬಿದ್ದಿರಬಹುದು ಎಂಬುದು ಒಂದು ವಿವರಣೆ. ಸೌಕರ್ಯವಿರುವ ಕೆಲವು ಆಸ್ಪತ್ರೆಗಳಲ್ಲಿ ಈಗಲೂ ಮಾಡುತ್ತಾರೆ, ವೈದ್ಯರಲ್ಲೇ ಒಮ್ಮತ ಇಲ್ಲ. ನಾನಾಗಿದ್ದರೂ ಮಾಡುತ್ತಿರಲಿಲ್ಲ. ಹಾಗಾಗಿ, ಅಪ್ಪ, "ಓಡಿಸಿದ್ದರೆ" ಎಂದು ರಾತ್ರಿಯೆಲ್ಲ ಕೊರಗಬೇಡಿ.

ಮಾಡಬೇಕಾದ್ದು ಬೇರೆ ಇದೆ. ಹತ್ತು ತಿಂಗಳಿಗೂ ಕೂರದಿದ್ದರೆ ಕಾಯುವ ಮಾತಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಹಿಡಿದು ನೋಡಿಕೊಳ್ಳುವ ಡಿಇಐಸಿ ಎಂಬ ವಿಭಾಗ ಇರುತ್ತದೆ, ಫಿಸಿಯೋಥೆರಪಿ, ಕಿವಿ, ಕಣ್ಣು ಎಲ್ಲ ಉಚಿತ. ಈ ವಾರವೇ ಹೋಗಿ. ಅಲ್ಲಿ ಕಲಿಸಿದ ವ್ಯಾಯಾಮವನ್ನು ಅವರೇ ಮಾಡಿ ತೋರಿಸುವಾಗ ನಿಮ್ಮ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮನೆಗೆ ಬರುವಷ್ಟರಲ್ಲಿ ಮೊಣಕಾಲು ಹೇಗೆ ಮಡಚಿದರು ಎಂಬುದೇ ಮರೆತಿರುತ್ತದೆ.

ಪ್ರಶ್ನೆ: ಅಮೆರಿಕದಲ್ಲಿ ಮೊಮ್ಮಗಳು ಬೇಗ ಹುಟ್ಟಿ ಐಸಿಯುನಲ್ಲಿದ್ದಾಳೆ. ತೊಟ್ಟಿಲಿಗೆ ಕ್ಯಾಮೆರಾ ಇದೆ, ನಾವಿಬ್ಬರೂ ಇಲ್ಲಿಂದಲೇ ಹಗಲೂ ರಾತ್ರಿ ನೋಡುತ್ತೇವೆ. ಒಮ್ಮೊಮ್ಮೆ ಪರದೆ ಕಪ್ಪಾಗುತ್ತದೆ, ಜೀವ ಬಾಯಿಗೆ ಬರುತ್ತದೆ. ಆಕ್ಸಿಜನ್ 92 ಎಂದು ಮಗ ಹೇಳಿದ, ಕಡಿಮೆಯಲ್ಲವೆ?
— ಮೈಸೂರಿನ ಮೇಷ್ಟ್ರು

ಉತ್ತರ: ಪರದೆ ಕಪ್ಪಾದರೆ ಸಾಮಾನ್ಯವಾಗಿ ನರ್ಸ್ ಡೈಪರ್ ಬದಲಿಸುತ್ತಿದ್ದಾರೆ ಅಥವಾ ರಕ್ತ ತೆಗೆಯುತ್ತಿದ್ದಾರೆ ಎಂದರ್ಥ, ಆ ಹೊತ್ತಿಗೆ ಕ್ಯಾಮೆರಾ ಆಫ್ ಮಾಡುತ್ತಾರೆ. ಇನ್ನು 92 ಕಡಿಮೆಯಲ್ಲ. ಆಕ್ಸಿಜನ್ ಮೇಲಿರುವ ಅಂಥ ಮಗುವಿಗೆ 91ರಿಂದ 95ರೊಳಗೆ ಇಡಬೇಕೆಂದೇ ವೈದ್ಯರು ನೋಡುತ್ತಾರೆ, ಯಾಕೆಂದು ಕೊಪ್ಪಳದ ತಾಯಿಗೆ ಬರೆದ ಉತ್ತರದಲ್ಲಿದೆ. ಎಸ್ಸೆಸ್ಸೆಲ್ಸಿ ಅಂಕ ಅಲ್ಲ ಅದು, ನೂರು ಬಂದರೆ ಖುಷಿಪಡಲು. ರಾತ್ರಿ ಮಲಗಿಕೊಳ್ಳಿ ಮೇಷ್ಟ್ರೇ.

ಪ್ರಶ್ನೆ: ಪಿಡಿಯಾಟ್ರಿಕ್ಸ್ ಪಿ.ಜಿ. ವಿದ್ಯಾರ್ಥಿ. ಶ್ವಾಸನಾಳಕ್ಕೆ ನಳಿಗೆ ಹಾಕಲು ವಿಡಿಯೊ ಲ್ಯಾರಿಂಗೋಸ್ಕೋಪ್ (ಗಂಟಲೊಳಗನ್ನು ಪರದೆಯ ಮೇಲೆ ತೋರಿಸುವ ಸಾಧನ) ಕೊಡಿಸಿ ಎಂದರೆ ನಮ್ಮ ಸರ್ "ಅದು ಕೈ ಬರದವರಿಗೆ" ಎನ್ನುತ್ತಾರೆ.
— ಬೆಳಗಾವಿ

ಉತ್ತರ: ಡಬ್ಲಿನ್‌ನ ನ್ಯಾಷನಲ್ ಮೆಟರ್ನಿಟಿ ಆಸ್ಪತ್ರೆಯಲ್ಲಿ 214 ಮಕ್ಕಳ ಮೇಲೆ ಹೋಲಿಸಿ ನೋಡಿದ ಫಲಿತಾಂಶ 2024ರಲ್ಲಿ ಬಂತು. ಮೊದಲ ಪ್ರಯತ್ನದಲ್ಲೇ ನಳಿಗೆ ಇಳಿದದ್ದು ವಿಡಿಯೊ ಇದ್ದಾಗ ನೂರಕ್ಕೆ 74, ಬರಿಗಣ್ಣಿನಲ್ಲಿ 45. ನಿಮ್ಮ ಸರ್‌ಗೆ ಇದನ್ನು ತೋರಿಸು, ಮೆಲ್ಲಗೆ. ನಮ್ಮ ಕಾಲದಲ್ಲಿ ಗುರುಗಳು ಹಿಂದೆ ನಿಂತು "ಕಾಣ್ತಾ? ಕಾಣ್ತಾ?" ಎನ್ನುತ್ತಿದ್ದರು. ನಾವು ಏನೂ ಕಾಣದಿದ್ದರೂ "ಹೂಂ ಸರ್" ಎಂದು ಅನ್ನನಾಳಕ್ಕೆ ಹಾಕುತ್ತಿದ್ದೆವು. ಈಗ ಇಬ್ಬರಿಗೂ ಒಂದೇ ಪರದೆ, ಸುಳ್ಳು ಹೇಳಲಾಗದು. ಅದು ಬರುವವರೆಗೆ ಮಾಸ್ಕ್ ಹಿಡಿಯುವುದನ್ನು ಬೊಂಬೆಯ ಮೇಲೆ ದಿನಾ ಮಾಡು. ನೂರರಲ್ಲಿ ಐದು ಮಕ್ಕಳಿಗೆ ಬೇಕಾಗುವುದು ಅದು, ನಳಿಗೆ ಬೇಕಾಗುವುದು ಎರಡಕ್ಕೆ.

ಪ್ರಶ್ನೆ: 108 ಆಂಬುಲೆನ್ಸಿನಲ್ಲಿ ಕೆಲಸ. ದಾರಿಯಲ್ಲೇ ಹೆರಿಗೆಯಾದರೆ ಮೊದಲು ಏನು ಮಾಡಲಿ? ತರಬೇತಿಯಲ್ಲಿ ಹೇಳಿದ್ದು ಆ ಹೊತ್ತಿಗೆ ತಲೆಯಿಂದ ಹಾರಿಹೋಗುತ್ತದೆ.
— ಯಾದಗಿರಿ ಜಿಲ್ಲೆ

ಉತ್ತರ: ಗಾಡಿ ನಿಲ್ಲಿಸಿ. ಓಡುವ ಗಾಡಿಯಲ್ಲಿ ಮಾಸ್ಕ್ ಕೂರುವುದಿಲ್ಲ. ಒಣಬಟ್ಟೆಯಲ್ಲಿ ತಲೆಯಿಂದ ಒರೆಸಿ, ಒದ್ದೆ ಬಟ್ಟೆ ಎಸೆದು, ಅತ್ತರೆ ತಾಯಿಯ ಎದೆಯ ಮೇಲೆ ಬರಿಮೈಯಲ್ಲಿ ಮಲಗಿಸಿ, ಇಬ್ಬರಿಗೂ ಸೇರಿಸಿ ಹೊದಿಸಿ, ಟೋಪಿ ಹಾಕಿ. ಅಳದಿದ್ದರೆ ಬ್ಯಾಗ್-ಮಾಸ್ಕ್, ಎದೆ ಏಳುತ್ತಿದೆಯೇ ಎಂಬುದರ ಮೇಲೆ ಕಣ್ಣಿರಲಿ. ತೊಳೆಯಬೇಡಿ, ಮೈಮೇಲಿನ ಬಿಳಿ ಜಿಡ್ಡು ಉಜ್ಜಬೇಡಿ. ಮತ್ತೆ ಎ.ಸಿ. ಆಫ್ ಮಾಡಿಸಿ. ಯಾದಗಿರಿ ಬಿಸಿಲಿನಲ್ಲಿ ಡ್ರೈವರಣ್ಣ ಗೊಣಗುತ್ತಾನೆ, ಗೊಣಗಲಿ.